ಕಲ್ಲುಪ್ಪಿನ ತಂಪು

ಐಸ್ ಕ್ರೀಂ ಮಾರುವವರು ಬೇಸಿಗೆಯಲ್ಲಿ ಪ್ರವಾಸ ಹೊರಡುವುದೆಂದರೆ ಮದುವೆಯ ದಿನ ಮದುಮಗ ಊರು ಬಿಟ್ಟ ಹಾಗೆ. ನಮ್ಮ ಮನೆಯಲ್ಲಿ ಅಂಥದ್ದು ಯಾವತ್ತೂ ನಡೆದಿರಲಿಲ್ಲ. ಈ ಸಲ ಅಂಗಡಿಯ ಮುಂದಿನ ರಸ್ತೆಯನ್ನು ಅಗೆದು ಹಾಕಿದರು. ಗಿರಾಕಿಗಳು ಒಂದು ಕಪ್ ಐಸ್ ಕ್ರೀಮಿಗಾಗಿ ಹಲಗೆಯ ಮೇಲೆ ಸರ್ಕಸ್ ಮಾಡಿಕೊಂಡು ಬರಬೇಕಿತ್ತು. "ಹೇಗೂ ವ್ಯಾಪಾರ ಇಲ್ಲ, ಒಂದು ವಾರ ಯಾವುದಾದ್ರೂ ದ್ವೀಪಕ್ಕೆ ಹೋಗಿ ಬರೋಣ" ಎಂದ ನಮ್ಮಣ್ಣ. ಅವನು ಹುಟ್ಟಿದಾಗಿನಿಂದ ತಾನಾಗಿ ತೆಗೆದುಕೊಂಡ ಮೊದಲ ತೀರ್ಮಾನ ಅದು. ಉಳಿದಂತೆ ಅವನ ಬಾಯಲ್ಲಿ ಬರುವುದು ಒಂದೇ ಮಾತು, "ಆಗುತ್ತೆ ಬಿಡು."

ಹೊರಟವರು ಅಪ್ಪ, ಅಣ್ಣ, ಅತ್ತಿಗೆ, ಅವರ ಮಗಳು ಪೀಪಿ, ಮತ್ತು ಅಂಗಡಿಯ ಗಲ್ಲಾದಲ್ಲಿ ಕೂರುವ ನಾನು. ಪೀಪಿ ಎನ್ನುವುದು ನಾನು ಇಟ್ಟ ಅಡ್ಡಹೆಸರು. ತೊಟ್ಟಿಲಲ್ಲಿದ್ದಾಗ ಅವಳು ಅತ್ತರೆ ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಈಗ ಅವಳಿಗೆ ಹತ್ತು ವರ್ಷ. ತೀರಾ ಚಿಕ್ಕವಳಿದ್ದಾಗಲೇ ಸಕ್ಕರೆ ಕಾಯಿಲೆ ಬಂತು. ದೊಡ್ಡವರಿಗೆ ಬಂದು ಮಾತ್ರೆಯಲ್ಲಿ ಸುಮ್ಮನಿರುವಂಥದ್ದಲ್ಲ. ಮೈಯೊಳಗೆ ಇನ್ಸುಲಿನ್ ಹುಟ್ಟುವುದೇ ನಿಂತುಹೋಗುವಂಥದ್ದು. ಊಟಕ್ಕೆ ಮುಂಚೆ ಸೂಜಿ, ಮಲಗುವ ಮುಂಚೆ ಸೂಜಿ, ತಪ್ಪಿದರೆ ಜೀವಕ್ಕೇ ಸಂಚಕಾರ. ಐಸ್ ಕ್ರೀಂ ಅಂಗಡಿಯ ಮೊಮ್ಮಗಳಿಗೇ ಈ ಕಾಯಿಲೆ ಕೊಟ್ಟ ದೇವರಿಗೆ ಇಂಥ ಹಾಸ್ಯ ಯಾರು ಕಲಿಸಿದರೋ, ಎದುರಿಗೆ ಸಿಕ್ಕರೆ ಕೇಳುವವಳಿದ್ದೇನೆ.

ಅತ್ತಿಗೆಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಹಾಗಂತ ಕೆಟ್ಟವರಲ್ಲ. ಮಗಳಿಗೆ ಕಾಯಿಲೆ ಬಂದಾಗಿನಿಂದ ಅವರು ನೆಟ್ಟಗೆ ನಿದ್ದೆ ಮಾಡಿದ್ದನ್ನು ನಾನು ನೋಡಿಲ್ಲ. ಏನು ತಿಂದೆ, ಎಷ್ಟು ತಿಂದೆ, ಯಾರು ಕೊಟ್ಟರು, ಯಾಕೆ ಇಸ್ಕೊಂಡೆ, ಇದೇ ಅವರ ದಿನಚರಿ. ಪೀಪಿ ಬದುಕಿ ಉಳಿದಿರುವುದು ಆ ಬಾಯಿಂದಲೇ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ.

ಮನೆಯಲ್ಲಿ ಹುಲಿ, ಬೀದಿಯಲ್ಲಿ ಇಲಿ ಅನ್ನುತ್ತಾರಲ್ಲ, ನಮ್ಮಪ್ಪನದು ಅದರ ತಿರುವುಮುರುವು. ಅಂಗಡಿಯಲ್ಲಿ ಅವನ ಒಂದು ನೋಟಕ್ಕೆ ಹಾಲಿನವನು ನೀರು ಬೆರೆಸುವುದನ್ನೇ ಬಿಟ್ಟ. ಮನೆಯಲ್ಲಿ ಸೊಸೆ ಒಂದು ಸಲ ಕೆಮ್ಮಿದರೆ ಪೇಪರಿನ ಹಿಂದೆ ಅಡಗುತ್ತಾನೆ. ಅವನು ಕೆಲಸ ಕಲಿತದ್ದು ಕೈಯಿಂದ ತಿರುಗಿಸುವ ಡಬ್ಬದ ಕಾಲದಲ್ಲಿ. ಡಬ್ಬದ ಸುತ್ತ ಒಡೆದ ಐಸು, ಐಸಿನ ಮೇಲೆ ಕಲ್ಲುಪ್ಪು. ಉಪ್ಪು ಬಿದ್ದ ಐಸು ಬರೀ ಐಸಿಗಿಂತ ಎಷ್ಟೋ ಪಾಲು ಜಾಸ್ತಿ ಕೊರೆಯುತ್ತದೆ, ಒಳಗಿನ ಹಾಲು ಕಲ್ಲಾಗುತ್ತದೆ. ಜಗತ್ತಿನ ಸಕಲ ವಸ್ತುಗಳ ಬಗ್ಗೆಯೂ ಅವನದು ಒಂದೇ ವೇದಾಂತ: ಕರಗಿದ್ದು ಕೆಟ್ಟಿತು, ಗಟ್ಟಿಯಾದದ್ದು ಉಳಿಯಿತು.

ಹಾಗಾಗಿ ಔಷಧಿಯ ಐಸ್ ಪೆಟ್ಟಿಗೆ ಯಾರ ಕೈಗೆ ಎನ್ನುವ ಪ್ರಶ್ನೆಯೇ ಏಳಲಿಲ್ಲ. ಹೊರಡುವ ದಿನ ಅತ್ತಿಗೆ ಇನ್ಸುಲಿನ್ ಸೀಸೆಗಳನ್ನು ಅಪ್ಪನ ಮುಂದಿಟ್ಟು, "ಮಾವ, ತಣ್ಣಗಿದ್ರೆ ಸಾಕು. ಗಟ್ಟಿ ಮಾತ್ರ ಆಗ್ಬಾರ್ದು" ಎಂದರು. "ನಂಗೆ ತಂಪಿನ ಪಾಠ ಹೇಳ್ತೀಯೇನಮ್ಮ" ಎಂದು ಅಪ್ಪ ನಕ್ಕ. ಅತ್ತಿಗೆಯ ಮುಂದೆ ಅವನು ಅಷ್ಟು ಧೈರ್ಯವಾಗಿ ನಕ್ಕದ್ದು ಅಪರೂಪ.

ದ್ವೀಪ ಚೆನ್ನಾಗಿಯೇ ಇತ್ತು. ಬಿಳಿ ಮರಳು, ಬಾಗಿದ ತೆಂಗಿನಮರಗಳು, ಅವುಗಳ ಅಡಿಯಲ್ಲಿ ಸಾಲಾಗಿ ರೆಸಾರ್ಟಿನ ಮರದ ಮನೆಗಳು. ನಮಗೆ ಅಕ್ಕಪಕ್ಕದ ಎರಡು ಮನೆ ಕೊಟ್ಟಿದ್ದರು. ಒಂದರಲ್ಲಿ ಅಣ್ಣ ಅತ್ತಿಗೆ, ಇನ್ನೊಂದರಲ್ಲಿ ಅಪ್ಪ, ಪೀಪಿ, ನಾನು. ಒಳಗಿದ್ದ ಪುಟಾಣಿ ಫ್ರಿಜ್ಜು ಕರೆಂಟು ಹೋದಾಗಲೆಲ್ಲ ಬೆವರುತ್ತಿತ್ತು. "ಇದನ್ನ ನಂಬಿದ್ರೆ ಕೆಟ್ವಿ" ಎಂದು ಅಪ್ಪ ತನ್ನ ಪೆಟ್ಟಿಗೆಯನ್ನೇ ಮಂಚದ ಕೆಳಗಿಟ್ಟುಕೊಂಡ. ಮೀನಿನ ದೋಣಿಯವರ ಹತ್ತಿರ ಹೊಸ ಐಸು ತಂದು ತುಂಬಿದ. ದಿಬ್ಬದ ಮೇಲೆ ಒಂದು ಸಣ್ಣ ಆರೋಗ್ಯ ಕೇಂದ್ರವಿತ್ತು, ಅದರಲ್ಲಿ ಒಬ್ಬಳು ನರ್ಸು. ಡಾಕ್ಟರು ವಾರಕ್ಕೊಮ್ಮೆ ಆಚೆ ದಡದಿಂದ ದೋಣಿಯಲ್ಲಿ ಬಂದು ಹೋಗುತ್ತಾರಂತೆ. ಸಮುದ್ರ ಕೆರಳಿದರೆ ದೋಣಿ ನಿಲ್ಲುವ ಜೆಟ್ಟಿಯ ಮೇಲೆ ಕೆಂಪು ಬಾವುಟ ಏರುತ್ತದೆ, ದೋಣಿ ಬಂದ್. ಇದನ್ನೆಲ್ಲ ರಿಸೆಪ್ಶನ್ನಿನ ಹುಡುಗಿ ನಗುತ್ತಲೇ ಹೇಳಿದಳು, ನಾವೂ ನಗುತ್ತಲೇ ಕೇಳಿದೆವು.

ಮಾರನೆಯ ದಿನ ಮಧ್ಯಾಹ್ನ ಪೀಪಿಯ ಶುಗರ್ ಏರಿತ್ತು. ಅತ್ತಿಗೆ ಬೆರಳಿಗೆ ಚುಚ್ಚಿ ಮೆಷಿನ್ ನೋಡಿ, ಇನ್ನೊಂದು ಬೆರಳಿಗೆ ಚುಚ್ಚಿ ಮತ್ತೆ ನೋಡಿದರು. ಊಟದ ಹಾಲ್‌ನಲ್ಲಿ ಗೋಡೆಯುದ್ದಕ್ಕೂ ಕೇಕು, ಪುಡ್ಡಿಂಗು, ಹಣ್ಣಿನ ಜಾಮು ಜೋಡಿಸಿಟ್ಟಿದ್ದರು. ಯಾರು ಬೇಕಾದರೂ ಬಡಿಸಿಕೊಳ್ಳಬಹುದು. ಮಕ್ಕಳಿಗೆ ಬೇರೆ ಟೇಬಲ್ಲು. ಅತ್ತಿಗೆಯ ಕಣ್ಣು ಮೊದಲು ಹೋದದ್ದು ಅತ್ತಲೇ. ಆದರೂ ಒಂದು ಮಾತು ಕೇಳಿದರು.

"ಮಾವ, ಔಷಧಿ ಸರಿಯಾಗಿತ್ತಲ್ಲ?"

ಅಪ್ಪ ಪೇಪರ್ ಮಡಿಸಿದ, ಬಿಚ್ಚಿದ. "ತಣ್ಣಗಿದೆಯಮ್ಮ" ಎಂದ.

"ನಾನು ಪುಡ್ಡಿಂಗ್ ತಿಂದೆ" ಎಂದಳು ಪೀಪಿ. ಯಾರೂ ಅವಳನ್ನು ಕೇಳಿರಲಿಲ್ಲ.

ಆಮೇಲೆ ಅತ್ತಿಗೆಯ ಬಾಯಿಯ ಮುಂದೆ ಸಮುದ್ರವೂ ಸುಮ್ಮನಾಯಿತು. ಎಷ್ಟು ತಿಂದೆ? ಒಂದು ಬಟ್ಟಲು. ಸುಳ್ಳು, ಒಂದಕ್ಕೆ ಇಷ್ಟು ಏರಲ್ಲ. ಸರಿ, ಎರಡು. ಯಾರಾದರೂ ಕೊಟ್ಟರಾ? ಇಲ್ಲ, ನಾನೇ ತಗೊಂಡೆ. ಹುಡುಗಿ ತಲೆ ತಗ್ಗಿಸಿಕೊಂಡು ಒಂದೊಂದೇ ಒಪ್ಪಿಕೊಳ್ಳುತ್ತಾ ಹೋದಳು. ಅಣ್ಣ "ಆಗುತ್ತೆ ಬಿಡೇ, ಮಗು" ಎಂದು ತಾನೂ ಬೈಸಿಕೊಂಡ. ಅತ್ತಿಗೆ ಇನ್ಸುಲಿನ್ ಪ್ರಮಾಣ ಏರಿಸಿ ಚುಚ್ಚಿದರು. ಸಂಜೆಗೆ ಇಳಿಯಲಿಲ್ಲ. ಹೊಸ ಸೀಸೆ ಒಡೆದರು, ಅದೂ ಅದೇ ಪೆಟ್ಟಿಗೆಯದು. ಮತ್ತೆ ಏನು ತಿಂದೆ ಎಂದು ಅವಳ ಚೀಲ, ದಿಂಬಿನ ಅಡಿ, ಈಜುವ ಬಟ್ಟೆಯ ಜೇಬು ಎಲ್ಲ ತಡಕಿದರು. ಏನೂ ಸಿಗಲಿಲ್ಲ. "ಬಚ್ಚಿಡೋದ್ರಲ್ಲಿ ಎತ್ತಿದ ಕೈ" ಎಂದು ಬೆನ್ನಿಗೆ ಒಂದು ಕೊಟ್ಟರು. ಪೀಪಿ ಅಳಲಿಲ್ಲ. ಬೀದಿಯ ಕೊನೆಗೆ ಕೇಳುವ ಹಾಗೆ ಅಳುತ್ತಿದ್ದವಳು ಅಳದೆ ಇದ್ದಾಗಲೇ ನನಗೆ ಹೊಳೆಯಬೇಕಿತ್ತು.

ಮೂರನೆಯ ದಿನ ಬೆಳಿಗ್ಗೆ ಅವಳು ವಾಂತಿ ಮಾಡಿಕೊಂಡಳು. ನೀರು ಕುಡಿದರೆ ನೀರೂ ಹೊರಗೆ. ಉಸಿರು ಜೋರಾಗಿ, ಆಳವಾಗಿ ಬರುತ್ತಿತ್ತು, ಹತ್ತಿರ ಹೋದರೆ ಕೊಳೆತ ಹಣ್ಣಿನ ವಾಸನೆ. ಆ ವಾಸನೆ ಏನೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಯಿಲೆ ಮೊದಲು ಬಂದಾಗ ಇದೇ ವಾಸನೆಯೊಂದಿಗೆ ಅವಳನ್ನು ಆಸ್ಪತ್ರೆಗೆ ಹೊತ್ತು ಓಡಿದ್ದೆವು. ಇನ್ಸುಲಿನ್ ಇಲ್ಲದೆ ರಕ್ತ ವಿಷವಾಗುವ ವಾಸನೆ ಅದು. ಅಣ್ಣ ಜೆಟ್ಟಿಗೆ ಓಡಿದ. ಕೆಂಪು ಬಾವುಟ ಏರಿತ್ತು.

"ದೋಣಿ ಬಿಡಲ್ಲವಂತೆ" ಎಂದು ವಾಪಸ್ ಬಂದು ಬಾಗಿಲಲ್ಲೇ ನಿಂತ. ಆಗುತ್ತೆ ಬಿಡು ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಅತ್ತಿಗೆ ಮಗಳನ್ನು ಅವನ ಭುಜದ ಮೇಲೆ ಹಾಕಿ ಆರೋಗ್ಯ ಕೇಂದ್ರಕ್ಕೆ ಓಡಿದರು. ವಾಂತಿಯಾದ ಚಾದರ ಒಗೆಯಲು ಹಾಕಿ ಬರುತ್ತೇನೆಂದು ನಾನು ಹಿಂದೆ ಉಳಿದೆ.

ಕೋಣೆ ಗುಡಿಸುವ ಹೆಂಗಸು ಚಾದರ ಇಸಿದುಕೊಳ್ಳುತ್ತಾ, "ಹೊಟ್ಟೇಲಿ ಏನೂ ಇಲ್ಲದೆ ವಾಂತಿ ಆದ್ರೆ ತುಂಬಾ ಸಂಕಟ, ಪಾಪ" ಎಂದಳು.

"ಏನೂ ಇಲ್ಲದೆ ಅಂದ್ರೆ?"

"ಬಂದಾಗಿನಿಂದ ಮಗು ಊಟಾನೇ ಮಾಡಿಲ್ವಲ್ಲ. ತಟ್ಟೆ ತಗೊಂಡು ಅಡುಗೆಮನೆ ಹಿಂದಕ್ಕೆ ಬರ್ತಾಳೆ, ಬೆಕ್ಕಿಗೆ ಹಾಕಿ ಹೋಗ್ತಾಳೆ. ನಮ್ಮ ಅಡುಗೆ ಹಿಡಿಸಿಲ್ಲವೇನೋ ಅಂದ್ಕೊಂಡೆ."

ಪುಡ್ಡಿಂಗ್ ತಿಂದೆ ಎಂದವಳು ಅನ್ನವನ್ನೂ ತಿಂದಿಲ್ಲ. ಹಾಗಾದರೆ ಶುಗರ್ ಏರಿದ್ದು ಎಲ್ಲಿಂದ? ಬಿಸಿಲಲ್ಲಿ ಚಪ್ಪಲಿ ಇಲ್ಲದೆ ದಿಬ್ಬ ಹತ್ತಿದೆ.

ಆರೋಗ್ಯ ಕೇಂದ್ರವೆಂದರೆ ಒಂದೇ ಕೋಣೆ, ಒಂದು ಕಬ್ಬಿಣದ ಮಂಚ. ನರ್ಸು ಆಗಲೇ ಸಲೈನು ಹಾಕಿದ್ದಳು. ಹೊರಗಿನ ವರಾಂಡದಲ್ಲಿ ಅತ್ತಿಗೆ ನರ್ಸಿನ ಫೋನಿನಲ್ಲಿ ಆಚೆ ದಡದ ಡಾಕ್ಟರ ಜೊತೆ ಕಿರುಚಾಡುತ್ತಿದ್ದರು. ನಾನು ಪೀಪಿಯ ಕಿವಿಯ ಹತ್ತಿರ ಬಗ್ಗಿದೆ.

"ಪೀಪಿ, ನೀನು ಏನೂ ತಿಂದಿಲ್ಲ ಅಲ್ವಾ?"

ಕಣ್ಣು ತೆರೆಯಲು ಅವಳಿಗೆ ಹೊತ್ತು ಹಿಡಿಯಿತು. "ಅತ್ತೆ, ಅಮ್ಮಂಗೆ ಹೇಳ್ಬೇಡ."

"ಏನು ಹೇಳ್ಬೇಡ?"

"ಔಷಧಿ ಕಲ್ಲಾಗಿತ್ತು. ಬಂದ ದಿನ ಅಜ್ಜ ಪೆಟ್ಟಿಗೆ ತೆಗೆದಾಗ ನಾನೂ ಇದ್ದೆ. ಅಜ್ಜ ಉಪ್ಪು ಹಾಕಿಬಿಟ್ಟಿದ್ದ. ಆಮೇಲೆ ಕಂಕುಳಲ್ಲಿ ಇಟ್ಕೊಂಡು ಬೆಚ್ಚಗೆ ಮಾಡ್ದ. ಮೊದಲಿನ ಹಾಗೇ ಆಯ್ತು, ಅಮ್ಮಂಗೆ ಹೇಳೋದು ಬೇಡ ಅಂದ." ಉಸಿರೆಳೆದುಕೊಂಡಳು. "ಕಲ್ಲಾದ್ರೆ ಅದು ಸತ್ತೋಗುತ್ತೆ ಅಂತ ಅಜ್ಜಂಗೆ ಗೊತ್ತಿಲ್ಲ. ಆಸ್ಪತ್ರೆಯವರು ನಂಗೆ ಹೇಳಿದ್ರು. ನಾನು ಏನೂ ತಿನ್ನದೇ ಇದ್ರೆ ಏರಲ್ಲ ಅಲ್ವಾ ಅತ್ತೆ? ಮನೆಗೆ ಹೋಗೋವರೆಗೆ ತಡ್ಕೊಳ್ಳೋಣ ಅಂದ್ಕೊಂಡೆ."

ತಿನ್ನದಿದ್ದರೂ ಏರುತ್ತದೆ, ಕಂದ. ಮೈ ತನ್ನನ್ನು ತಾನೇ ತಿನ್ನಲು ಶುರುಮಾಡುತ್ತದೆ. ಅದನ್ನು ಆಸ್ಪತ್ರೆಯವರು ಹೇಳಿದ್ದರೋ ಇಲ್ಲವೋ, ಹತ್ತು ವರ್ಷದವಳಿಗೆ ಎಷ್ಟು ಅಂತ ನೆನಪಿರಬೇಕು?

ಕಿಟಕಿಯಿಂದ ನೋಡಿದರೆ ಅಪ್ಪ ದಿಬ್ಬ ಹತ್ತಿ ಬರುತ್ತಿದ್ದ, ಮಂಡಿಯ ಮೇಲೆ ಕೈಯೂರಿಕೊಂಡು. ಅವನನ್ನು ಹಿಡಿದುಕೊಡುವವಳು ನಾನಾಗಬೇಕಿತ್ತು. ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಆ ಮುದುಕನ ಮೇಲೆ ಇಡೀ ಜನ್ಮಕ್ಕಾಗುವಷ್ಟು ಸಿಟ್ಟು ಬಂತು. ಅದರ ಹಿಂದೆಯೇ ಇಡೀ ಜನ್ಮಕ್ಕಾಗುವಷ್ಟು ಕನಿಕರವೂ ಬಂತು. ಎರಡನ್ನೂ ನುಂಗಿಕೊಂಡು ವರಾಂಡಕ್ಕೆ ಹೋಗಿ ಅತ್ತಿಗೆಗೆ ಹೇಳಿಬಿಟ್ಟೆ.

ಅತ್ತಿಗೆ ಕೂಗಾಡುತ್ತಾರೆ ಎಂದು ಹಲ್ಲು ಕಚ್ಚಿಕೊಂಡು ನಿಂತಿದ್ದೆ. ಕೂಗಾಡಲಿಲ್ಲ. ಫೋನಿಗೆ, "ಸರ್, ಔಷಧಿ ಹೆಪ್ಪುಗಟ್ಟಿ ಹಾಳಾಗಿದೆ. ಅವಳಿಗೆ ಇನ್ಸುಲಿನ್ನೇ ಹೋಗಿಲ್ಲ" ಎಂದಷ್ಟೇ ಹೇಳಿದರು. ಅಪ್ಪ ಅದನ್ನು ಕೇಳಿಸಿಕೊಂಡ. ಮೆಟ್ಟಿಲ ಮೇಲೆ ಒಂದು ಕಾಲು, ಕೆಳಗೆ ಒಂದು ಕಾಲು, ಹಾಗೇ ನಿಂತುಬಿಟ್ಟ.

"ಗಟ್ಟಿ ಆಯ್ತು ಅಂತ ಒಂದು ಮಾತು ಹೇಳ್ಬಾರ್ದಿತ್ತಾ ಮಾವ?"

"ಹೇಳೋಕೆ ಬಂದೆ ತಾಯಿ." ಅಪ್ಪ ಮೆಟ್ಟಿಲ ಮೇಲಿದ್ದ ಕಾಲನ್ನೂ ಕೆಳಗಿಳಿಸಿದ. "ನಿಮ್ಮ ಬಾಗಿಲ ತನಕ ಬಂದೆ. ನೀನು ಒಳಗೆ, ಹಾಸಿಗೆ ಮೇಲೆ ಒದ್ದೆ ಟವೆಲ್ ಹಾಕಿದ್ದಕ್ಕೆ ಇವನನ್ನ ಬೈತಿದ್ದೆ. ವಾಪಸ್ ಹೋದೆ. ನೀರು ಗಟ್ಟಿಯಾಗಿ ಮತ್ತೆ ನೀರಾದ್ರೆ ಏನು ಕೆಡುತ್ತೆ ಅಂದ್ಕೊಂಡೆ. ಗಟ್ಟಿಯಾದ್ದು ಕೆಟ್ಟಿದ್ದನ್ನ ನಾನು ನೋಡೇ ಇಲ್ಲಮ್ಮ."

ನರ್ಸು ತನ್ನ ಫ್ರಿಜ್ಜನ್ನು ಅಣ್ಣನ ಮುಂದೆಯೇ ಪೂರ್ತಿ ಬಗೆದಳು. ಮಕ್ಕಳ ಲಸಿಕೆ ಇತ್ತು, ಇನ್ಸುಲಿನ್ ಇರಲಿಲ್ಲ. ಹೊಸ ದಾಸ್ತಾನು ಬರಬೇಕಾದದ್ದೂ ಇದೇ ನಿಂತುಹೋದ ದೋಣಿಯಲ್ಲಿ. "ಸಲೈನಿಂದ ಸ್ವಲ್ಪ ಹೊತ್ತು ಎಳೀಬಹುದು. ಜಾಸ್ತಿ ಹೊತ್ತು ಆಗಲ್ಲ" ಎಂದಳು. "ಗೆಸ್ಟ್‌ಗಳಲ್ಲಿ ಯಾರಾದ್ರೂ ಇನ್ಸುಲಿನ್ ತಗೊಳ್ಳೋರು ಇದ್ದೇ ಇರ್ತಾರೆ. ಊಟದ ಹೊತ್ತು, ಎಲ್ಲ ಅಲ್ಲೇ ಇರ್ತಾರೆ, ಕೇಳಿ."

ನಾನು ಓಡಿದೆ. ಊಟದ ಹಾಲ್ ತುಂಬಿತ್ತು. ಇಪ್ಪತ್ತು ಜನ ಒಟ್ಟಿಗೆ ಮುತ್ತಿದರೂ ಒಬ್ಬೊಬ್ಬರನ್ನೇ ಸಾಲಿಗೆ ನಿಲ್ಲಿಸುವ ಗಲ್ಲಾದ ಗಂಟಲು ನನ್ನದು. ಆ ಗಂಟಲಿನಲ್ಲೇ ಕೂಗಿದೆ: "ಯಾರ ಹತ್ರಾದ್ರೂ ಇನ್ಸುಲಿನ್ ಇದೆಯಾ? ಮಗು ಸಾಯ್ತಿದೆ. ದಯವಿಟ್ಟು ಹೇಳಿ."

ಚಮಚಗಳ ಸದ್ದು ನಿಂತಿತು. ಎಲ್ಲರೂ ನನ್ನನ್ನು ನೋಡಿದರು, ಆಮೇಲೆ ಒಬ್ಬರನ್ನೊಬ್ಬರು ನೋಡಿದರು. ಒಂದು ಕೈಯೂ ಮೇಲೇಳಲಿಲ್ಲ. ಇಷ್ಟು ಹೊಟ್ಟೆಗಳ ನಡುವೆ ಒಂದಕ್ಕೂ ಸಕ್ಕರೆ ಕಾಯಿಲೆ ಇಲ್ಲವೇ? ನನಗೆ ಅಲ್ಲೇ ನೆಲಕ್ಕೆ ಬಿದ್ದು ಹೊರಳಾಡಬೇಕೆನ್ನಿಸಿತು.

ಆಗ ಅಪ್ಪ ನನ್ನ ಪಕ್ಕದಿಂದ ಮುಂದೆ ಹೋದ. ಹಿಂದೆಯೇ ಬಂದಿದ್ದನೆಂದು ನನಗೆ ಗೊತ್ತೇ ಇರಲಿಲ್ಲ. ಮೊದಲನೆಯ ಟೇಬಲ್ಲಿನ ಮುಂದೆ ನಿಂತು ಕೈ ಮುಗಿದ. "ತಪ್ಪು ನಂದು. ಮೊಮ್ಮಗಳ ಔಷಧಿ ನಾನೇ ಹಾಳು ಮಾಡ್ದೆ. ನಿಮ್ಮ ಹತ್ರ ಇದ್ರೆ ಕೊಡಿ." ಎರಡನೆಯ ಟೇಬಲ್ಲು. ಮತ್ತೆ ಅದೇ ಮಾತು, ಮೊದಲಿಂದ. ಯಾರ ಮುಂದೆಯೂ ಕೈ ಚಾಚದ ಮನುಷ್ಯ, ತಪ್ಪು ನಂದು, ತಪ್ಪು ನಂದು ಎಂದುಕೊಂಡು ಇಡೀ ಹಾಲ್ ಸುತ್ತಿದ. ಅವನನ್ನು ತಡೆಯುವ ಹಕ್ಕು ನನಗಿರಲಿಲ್ಲ, ಅಲ್ಲಿ ಪೀಪಿಯ ಉಸಿರು ಹೋಗುತ್ತಿತ್ತು.

ಕಿಟಕಿಯ ಪಕ್ಕದ ಟೇಬಲ್ಲಿನಲ್ಲಿ ಒಬ್ಬ ದಢೂತಿ ಮನುಷ್ಯ ಹೆಂಡತಿ, ಬೆಳೆದ ಮಕ್ಕಳು, ಬೀಗರು ಎಲ್ಲರನ್ನೂ ಕಟ್ಟಿಕೊಂಡು ಕೂತಿದ್ದ. ಹಿಂದಿನ ದಿನ ತಿಂಡಿಯ ಹೊತ್ತಿಗೆ, ಈ ವಯಸ್ಸಿಗೂ ತಾನೊಂದು ಮಾತ್ರೆ ನುಂಗಿದವನಲ್ಲ ಎಂದು ಬೀಗರ ಮುಂದೆ ಎದೆ ತಟ್ಟಿಕೊಂಡಿದ್ದವನೇ ಆತ. ಅಪ್ಪ ಅವನ ಮುಂದೆ ಕೈ ಮುಗಿದಾಗ ಆತ ಕೇಕನ್ನು ಚೂರುಚೂರು ಮಾಡುತ್ತಾ ತಟ್ಟೆಯನ್ನೇ ನೋಡಿದ. ಅಪ್ಪ ಮುಂದಿನ ಟೇಬಲ್ಲಿಗೆ ಹೊರಳಿದ.

"ರೀ, ಏಳ್ರೀ" ಎಂದರು ಆತನ ಹೆಂಡತಿ. ಆತ ಏಳಲಿಲ್ಲ. ಆಕೆಯೇ ಎದ್ದು, ಎಲ್ಲರಿಗೂ ಕೇಳುವಂತೆ, "ನಮ್ಮ ರೂಮಲ್ಲಿದೆ ಬನ್ನಿ, ಯಜಮಾನ್ರೇ. ಇವರು ದಿನಾ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಚುಚ್ಕೋತಾರೆ" ಎಂದರು. ಬೇರೆ ದಿನವಾಗಿದ್ದರೆ ನಾನು ನಗುತ್ತಿದ್ದೆ. ಅವತ್ತು ಆಕೆಯ ಎರಡೂ ಕೈ ಹಿಡಿದುಕೊಂಡು ಗೊಳೋ ಎಂದು ಅತ್ತೆ. "ಅಳೋದು ಆಮೇಲೆ, ನಡೀರಿ" ಎಂದು ಆಕೆ ನನ್ನನ್ನು ಎಳೆದುಕೊಂಡೇ ಹೋದರು.

ಇದ್ದದ್ದು ಇನ್ಸುಲಿನ್ ಚುಚ್ಚಿಕೊಳ್ಳುವ ಒಂದೇ ಪೆನ್ನು, ಅದೂ ಅರ್ಧ ಖಾಲಿ. ಡಾಕ್ಟರು ಫೋನಿನಲ್ಲಿ ಹೆಸರು ಓದಿಸಿ, ಇದು ನಡೆಯುತ್ತದೆ ಎಂದರು. ಇಂತಿಷ್ಟೇ, ಇಂತಿಷ್ಟು ಹೊತ್ತಿಗೊಮ್ಮೆ ಎಂದು ಹೇಳುತ್ತಾ ಹೋದರು, ನರ್ಸು ಹಾಗೇ ಚುಚ್ಚುತ್ತಾ ಹೋದಳು. ಮಧ್ಯಾಹ್ನವೆಲ್ಲ ನಾವು ಆ ಮೆಷಿನ್ನಿನ ಸಂಖ್ಯೆಯನ್ನು ನೋಡುತ್ತಾ ಕಳೆದೆವು. ಮೊದಲ ಸಲ ಇಳಿಯಲಿಲ್ಲ. ಎರಡನೆಯ ಸಲವೂ ಇಳಿಯಲಿಲ್ಲ. ಅಣ್ಣ ಗೋಡೆಗೆ ತಲೆ ಚಚ್ಚಿಕೊಂಡ. ಆಮೇಲೆ ಚೂರು ಇಳಿಯಿತು, ಇನ್ನೂ ಚೂರು ಇಳಿಯಿತು. ಬಿಸಿಲು ಬಾಗುವ ಹೊತ್ತಿಗೆ ಪೀಪಿಯ ಉಸಿರು ಹಗುರಾಯಿತು. ಒಂದು ಗುಟುಕು ನೀರು ಕುಡಿದಳು, ಅದು ಒಳಗೇ ಉಳಿಯಿತು. ಕೆಂಪು ಬಾವುಟ ಇನ್ನೂ ಇಳಿದಿರಲಿಲ್ಲ. ಬೆಳಿಗ್ಗೆ ದೋಣಿ ಬಂದೇ ಬರುತ್ತದೆ, ಅಲ್ಲಿಯವರೆಗೆ ಪೆನ್ನು ಸಾಕಾಗುತ್ತದೆ ಎಂದಳು ನರ್ಸು. ನಂಬದೆ ನಮಗೆ ಬೇರೆ ದಾರಿ ಇರಲಿಲ್ಲ.

ಅತ್ತಿಗೆ ಮಂಚದ ಅಂಚಿನಲ್ಲಿ ಕೂತು ಮಗಳ ಕೂದಲು ಸರಿಮಾಡುತ್ತಿದ್ದರು. "ಯಾಕೇ ಸುಳ್ಳು ಹೇಳ್ದೆ?" ಎಂದು ಕೇಳಿದರು, ಮೆತ್ತಗೆ. "ತಿನ್ನದೇ ಇದ್ದೋಳು ತಿಂದೆ ಅಂತ ಯಾಕೆ ಹೇಳ್ದೆ? ನಾನು ಅಷ್ಟು ಬೈದೆ, ಹೊಡೆದೆ. ಆವಾಗ್ಲಾದ್ರೂ ಹೇಳ್ಬಾರ್ದಿತ್ತಾ?"

ಪೀಪಿ ಅಮ್ಮನನ್ನು ನೋಡಿದಳು. ಅವಳಿಗೆ ಅದರಲ್ಲಿ ಕೇಳುವಂಥದ್ದೇನೂ ಕಾಣಲಿಲ್ಲ.

"ನಂಗೆ ಬೈಸ್ಕೊಂಡು ರೂಢಿ ಆಗಿದೆ ಅಮ್ಮ. ಅಜ್ಜಂಗೆ ರೂಢಿ ಇಲ್ಲ" ಎಂದಳು.

ಅತ್ತಿಗೆಯ ಕೈ ಮಗಳ ತಲೆಯ ಮೇಲೆ ಹಾಗೇ ನಿಂತಿತು. ನಾನು ಗೋಡೆಯ ಕಡೆ ತಿರುಗಿಕೊಂಡೆ, ನನ್ನ ಮುಖವನ್ನು ಯಾರಿಗೂ ತೋರಿಸುವ ಹಾಗಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ಎದ್ದು ವರಾಂಡಕ್ಕೆ ಹೋದರು. ಮಾವನಿಗೆ ಏನೋ ಹೇಳಬೇಕೆಂದೇ ಹೊರಟಿದ್ದರು, ಒಳ್ಳೆಯ ಮಾತನ್ನೇ ಹೇಳಬೇಕೆಂದಿದ್ದರು. ಅದು ನನಗೆ ಅವರ ನಡಿಗೆಯಲ್ಲೇ ತಿಳಿಯಿತು.

ಅಪ್ಪ ಮಧ್ಯಾಹ್ನದಿಂದ ಒಳಗೆ ಬಂದಿರಲಿಲ್ಲ, ಮೆಟ್ಟಿಲ ಮೇಲೆ ಕೂತಿದ್ದ. ಸೊಸೆಯ ಹೆಜ್ಜೆ ಕೇಳಿದ್ದೇ ತಡ ಗಡಬಡಿಸಿ ಎದ್ದು, ಕಂಬಕ್ಕೆ ಬೆನ್ನು ಒತ್ತಿ, ಕಣ್ಣು ಮುಚ್ಚಿಕೊಂಡ. ಎರಡೂ ಭುಜಗಳು ಕಿವಿಯ ತನಕ ಏರಿದ್ದವು.

ಅತ್ತಿಗೆ ಅದನ್ನು ನೋಡಿದರು. ಮುಂದೆ ಹೆಜ್ಜೆ ಇಡಲಾಗದೆ ಹೊಸ್ತಿಲ ಮೇಲೆಯೇ ಕುಸಿದು ಕೂತು, ಸೆರಗು ಬಾಯಿಗೆ ತುರುಕಿಕೊಂಡು, ಒಂದಿಷ್ಟೂ ಸದ್ದಾಗದ ಹಾಗೆ ಅತ್ತರು. ಅಪ್ಪ ಕಣ್ಣು ತೆರೆದ. ಕೂರಬಹುದೋ ಬಾರದೋ ತಿಳಿಯದೆ, ಕಂಬ ಹಿಡಿದುಕೊಂಡು ಹಾಗೇ ನಿಂತಿದ್ದ.